ಹಳೇ ಮನೆ ಬಚ್ಚಲಿನ ನಾನಿ ಟ್ರ್ಯಾಪ್ ತುಕ್ಕು ಹಿಡಿದು ಹೋಗಿದೆ, ಅದೊಂದನ್ನೇ ಬದಲಾಯಿಸಿದ್ರೆ ಸಾಕಾ?

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ತಂದೆ 1979ರಲ್ಲಿ ಕಟ್ಟಿಸಿದ ಮನೆ. ಮೇಲಿನ ಮಹಡಿ ಬಚ್ಚಲಲ್ಲಿ ನೀರು ಹೋಗೋ ಕಬ್ಬಿಣದ ನಾನಿ ಟ್ರ್ಯಾಪ್ (ಜಾಲಿ ಕೆಳಗೆ ನೆಲದೊಳಗಿರೋ ಬಟ್ಟಲು) ಪೂರ್ತಿ ತುಕ್ಕು ಹಿಡಿದು ಜಾಲಿ ಕೂರೋ ಅಂಚೇ ಉದುರಿಹೋಗಿದೆ. ಅದರ ಸರಿ ಕೆಳಗೆ ಊಟದ ಮನೆ ಸೀಲಿಂಗ್‌ನಲ್ಲಿ ತಟ್ಟೆಯಗಲ ಒದ್ದೆ, ಸುತ್ತ ಬಿಳಿ ಉಪ್ಪು, ಪೇಂಟ್ ಚೆಕ್ಕೆ ಏಳ್ತಿದೆ. ಪಕ್ಕದ ಟಾಯ್ಲೆಟ್ಟಲ್ಲಿ ಫ್ಲಶ್ ಮಾಡಿದ್ರೆ ಈ ಜಾಲಿಯಲ್ಲಿ ಗುಳುಗುಳು ಅಂತ ಶಬ್ದ ಬಂದು ವಾಸನೆ ಹೊಡೆಯತ್ತೆ. ಒಬ್ಬ ಪ್ಲಂಬರ್ ಮೇಲಿಂದ ಕೆಮಿಕಲ್ ಹಾಕಿದ್ರೆ ಸಾಕು ಅಂದ, ಇನ್ನೊಬ್ಬ ಟ್ರ್ಯಾಪ್ ಕಿತ್ತು ಪಿವಿಸಿದು ಹಾಕ್ತೀನಿ ಅರ್ಧ ದಿನದ ಕೆಲಸ ಅಂದ, ಮೂರನೆಯವನು ಇಡೀ ಬಾತ್ರೂಮ್ ಒಡೀಲೇಬೇಕು ಅಂತಾನೆ. ಅಪ್ಪ ಆಸೆಪಟ್ಟು ಹಾಕ್ಸಿದ ಮೊಸಾಯಿಕ್ ನೆಲ, ಒಡೆಸೋಕೆ ಮನಸ್ಸಿಲ್ಲ. ವಯಸ್ಸಾದ ಅಮ್ಮ ಮೇಲೇ ಇರೋದು. ಕಬ್ಬಿಣದ ಪೈಪಿಗೆ ಪಿವಿಸಿ ಜೋಡಿಸಿದ್ರೆ ನಿಲ್ಲತ್ತಾ? ಮಳೆಗಾಲ ಮುಗಿಯೋವರೆಗೂ ಕಾಯಬಹುದಾ?

ಉತ್ತರ: ಮೂರು ಜನ ಮೂರು ಥರ ಹೇಳಿದಾಗ ತಲೆ ಕೆಡೋದು ಸಹಜ, ಅದರಲ್ಲೂ ಅಪ್ಪ ಕಟ್ಟಿಸಿದ ಮನೆಗೆ ಸುತ್ತಿಗೆ ಹಾಕಿಸೋದು ಅಂದ್ರೆ ಯಾರಿಗೂ ಕೈ ಬರಲ್ಲ. ನಿಮ್ಮ ಭಯ ನನಗೆ ಅರ್ಥ ಆಗಿದ್ದು ಹೀಗೆ: ಕಡಿಮೆ ಮಾಡಿಸಿದ್ರೆ ಮತ್ತೆ ಸೋರತ್ತೇನೋ, ಜಾಸ್ತಿ ಮಾಡಿಸಿದ್ರೆ ಸುಮ್ಮನೆ ನೆಲ ಹಾಳಾಯ್ತೇನೋ ಅಂತ. ಹಳೇ ಮನೆಗಳ ಡ್ರೈನೇಜ್ ರಿಪೇರಿ ಮಾಡಿಸ್ತಾ ಬಂದಿರೋ ಅನುಭವದಲ್ಲಿ ಹೇಳೋದಾದ್ರೆ ಎರಡನೆಯವನು ಹೇಳಿದ್ದು ದಾರಿ ಸರಿ, ಆದ್ರೆ ಅರ್ಧ ದಿನದಲ್ಲಿ ಮುಗಿಸ್ತೀನಿ ಅಂದಿದ್ದು ಸರಿ ಇಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಅದಕ್ಕೂ ಮುಂಚೆ ಇವತ್ತೇ ಮಾಡ್ಬೇಕಾದ್ದು ಎರಡು ಇದೆ. ಒದ್ದೆ ಇರೋ ಸೀಲಿಂಗ್ ಹತ್ರ ಫ್ಯಾನ್ ಅಥವಾ ಲೈಟ್ ಪಾಯಿಂಟ್ ಇದ್ರೆ ಆ ಲೈನಿನ ಎಂಸಿಬಿ ಇಳಿಸಿಬಿಡಿ, ಆ ಕಾಲದ ಮನೆ ಅಂದ್ರೆ ಫ್ಯೂಸ್ ಕ್ಯಾರಿಯರ್ ಇರಬಹುದು, ಅದನ್ನ ಕಿತ್ತಿಡಿ. ನೀರು ವೈರ್ ಹೋಗೋ ಕಾಂಡ್ಯೂಟ್ ಪೈಪಲ್ಲಿ ಇಳಿದು ಫ್ಯಾನ್ ಹುಕ್ ಹತ್ರ ಬರೋದು ಅಪರೂಪ ಏನಲ್ಲ. ಇನ್ನೊಂದು, ಪೊರಕೆ ಹಿಡಿಯಿಂದ ಸೀಲಿಂಗ್‌ನ ಮೆಲ್ಲಗೆ ತಟ್ಟಿ ನೋಡಿ, ಗಟ್ಟಿ ಶಬ್ದದ ಬದಲು ಡೊಬ ಡೊಬ ಅಂದ್ರೆ ಗಾರೆ ಸ್ಲ್ಯಾಬ್ ಬಿಟ್ಟಿದೆ ಅಂತ ಅರ್ಥ, ಅದರ ಕೆಳಗೆ ಊಟದ ಟೇಬಲ್ ಇಡಬೇಡಿ, ಯಾವಾಗ ಬೇಕಾದ್ರೂ ಚಪ್ಪಡಿ ಥರ ಬೀಳತ್ತೆ.

ಈಗ ನಿಮ್ಮ ನೆಲದ ಒಳಗೆ ಏನಿದೆ ಅಂತ ನೋಡೋಣ. ಎಪ್ಪತ್ತರ ದಶಕದ ಆರ್‌ಸಿಸಿ ಮನೆಗಳಲ್ಲಿ ಸಾಮಾನ್ಯವಾಗಿ ಬಚ್ಚಲಿನ ಸ್ಲ್ಯಾಬ್‌ನ ಸುಮಾರು ಒಂದಡಿ ಕೆಳಗೆ ಇಳಿಸಿ ಹಾಕಿರ್ತಾರೆ, ಅದನ್ನೇ ಸಂಕನ್ ಸ್ಲ್ಯಾಬ್ ಅನ್ನೋದು. ಆ ತೊಟ್ಟಿಯೊಳಗೆ ಬೀಡು ಕಬ್ಬಿಣದ ನಾನಿ ಟ್ರ್ಯಾಪ್ ಇಟ್ಟು, ಅದರಿಂದ ಹೊರಗೋಡೆಯ ಪೈಪಿನವರೆಗೆ ಒಂದು ಅಡ್ಡ ಬೀಡು ಪೈಪ್ ಎಳೆದು, ಮೇಲೆ ಇಟ್ಟಿಗೆ ಚೂರು ತುಂಬಿಸಿ, ಕಾಂಕ್ರೀಟ್ ಹಾಕಿ, ಅದರ ಮೇಲೆ ಮೊಸಾಯಿಕ್. ಜಾಯಿಂಟುಗಳಲ್ಲಿ ಸೆಣಬಿನ ಹುರಿ ತುರುಕಿ ಕರಗಿಸಿದ ಸೀಸ ಹೊಯ್ದು ಬಡಿದಿರ್ತಾರೆ, ಖರ್ಚು ಉಳಿಸಿದ ಕಡೆ ಸೀಸದ ಬದಲು ಬರೀ ಸಿಮೆಂಟ್. ಸೀಸದ ಜಾಯಿಂಟ್ ನೀಟಾಗಿ ಮಾಡಿದ್ರೆ ಇವತ್ತಿಗೂ ಗಟ್ಟಿ ಇರತ್ತೆ, ಆಗಿನ ಮೇಸ್ತ್ರಿಗಳ ಕೆಲಸಕ್ಕೆ ನಿಜವಾಗ್ಲೂ ಕೈ ಮುಗೀಬೇಕು. ಸಿಮೆಂಟ್ ಜಾಯಿಂಟ್ ಮಾತ್ರ ಇಷ್ಟು ವರ್ಷಕ್ಕೆ ಕೂದಲೆಳೆ ಬಿರುಕು ಬಿಟ್ಟೇ ಇರತ್ತೆ.

ಬೀಡು ಕಬ್ಬಿಣ ಹಾಳಾಗೋ ರೀತಿ ವಿಚಿತ್ರ. ತಗಡಿನ ಥರ ತೂತು ಬಿದ್ದು ಕಾಣಲ್ಲ. ಅದರಲ್ಲಿರೋ ಕಬ್ಬಿಣ ನಿಧಾನಕ್ಕೆ ಕರಗಿ ಹೋಗಿ ಗ್ರಾಫೈಟ್ ಮತ್ತೆ ತುಕ್ಕು ಮಾತ್ರ ಅದೇ ಆಕಾರದಲ್ಲಿ ಉಳಿಯತ್ತೆ, ನೋಡೋಕೆ ಪೈಪ್ ಇದ್ದ ಹಾಗೇ ಇರತ್ತೆ, ಆದ್ರೆ ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿದ್ರೆ ಪೆನ್ಸಿಲ್ ಕಡ್ಡಿ ಥರ ಕಪ್ಪಗೆ ಕೆರೆದು ಬರತ್ತೆ. ಜಾಲಿ ತೆಗೆದು ಟಾರ್ಚ್ ಬಿಟ್ಟು ನೀವೇ ಒಂದ್ಸಲ ಹೀಗೆ ಒತ್ತಿ ನೋಡಿ. ಅಂಚು ಮಾತ್ರ ಉದುರಿ ಒಳಗಿನ ಬಟ್ಟಲು ಗಟ್ಟಿ ಇದ್ರೆ ಒಂದು ಕಥೆ, ಬಟ್ಟಲೇ ಮೆತ್ತಗಾಗಿದ್ರೆ ಇನ್ನೊಂದು ಕಥೆ. ಹೆಚ್ಚು ಒತ್ತಬೇಡಿ, ತೂತಾದ್ರೆ ಕೆಳಗೆ ಸೋರೋದು ಜಾಸ್ತಿ ಆಗತ್ತೆ.

ಇದಕ್ಕೆ ವಯಸ್ಸೊಂದೇ ಕಾರಣ ಅಲ್ಲ. ಚರಂಡಿಯಿಂದ ಏಳೋ ಹೈಡ್ರೋಜನ್ ಸಲ್ಫೈಡ್ ಗ್ಯಾಸು ಪೈಪಿನ ಒಳಗೋಡೆಯ ತೇವದಲ್ಲಿ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಸಲ್ಫ್ಯೂರಿಕ್ ಆಸಿಡ್ ಆಗತ್ತೆ, ಅದು ಕಬ್ಬಿಣನೂ ತಿನ್ನತ್ತೆ ಸಿಮೆಂಟನ್ನೂ ತಿನ್ನತ್ತೆ. ಅದಕ್ಕಿಂತ ದೊಡ್ಡ ಶತ್ರು ನಾವೇ ಸುರಿಯೋ ಬಾತ್ರೂಮ್ ಆಸಿಡ್. ಬಾಟಲಿಯಲ್ಲಿ ಹಳದಿ ಬಣ್ಣದ್ದು ಸಿಗತ್ತಲ್ಲ, ಅದು ಹೈಡ್ರೋಕ್ಲೋರಿಕ್ ಆಸಿಡ್, ಟೈಲ್ಸ್ ಫಳಫಳ ಅನ್ನತ್ತೆ, ಅದೇ ಹೊತ್ತಲ್ಲಿ ಮೊಸಾಯಿಕ್ಕಿನ ಸಂದು, ಟ್ರ್ಯಾಪಿನ ಸುತ್ತದ ಗಾರೆ, ಟ್ರ್ಯಾಪು ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಕರಗಿಸ್ತಾ ಹೋಗತ್ತೆ. ನಿಮ್ಮ ಮನೇಲಿ ಇದರ ರೂಢಿ ಇದ್ರೆ ಇವತ್ತಿಂದಲೇ ನಿಲ್ಲಿಸಿ. ಇನ್ನೊಂದು ಮಾತು, ದಯವಿಟ್ಟು ಗಮನಿಸಿ: ಆಸಿಡ್ ಹಾಕಿದ ಮೇಲೆ ವಾಸನೆ ಹೋಗಲಿ ಅಂತ ಬ್ಲೀಚಿಂಗ್ ಪೌಡರ್ ಹಾಕಬೇಡಿ, ಕ್ಲೋರಿನ್ ಗ್ಯಾಸ್ ಏಳತ್ತೆ, ಕಿಟಕಿ ಮುಚ್ಚಿರೋ ಸಣ್ಣ ಬಚ್ಚಲಲ್ಲಿ ವಯಸ್ಸಾದವರ ಪ್ರಾಣಕ್ಕೇ ಕುತ್ತು.

ಮೊದಲನೇ ಪ್ಲಂಬರ್ ಹೇಳಿದ ಕೆಮಿಕಲ್ ವಿಷಯ. ಮೊಸಾಯಿಕ್ ಸಂದಿನಲ್ಲಿ ನೀರು ಇಳೀತಿದ್ರೆ ಎಪಾಕ್ಸಿ ಗ್ರೌಟ್ (ಸಂದು ತುಂಬೋ ಅಂಟು ಗಾರೆ) ತುಂಬಿದ್ರೆ ಉಪಯೋಗ ಆಗತ್ತೆ, ಸುಳ್ಳಲ್ಲ. ಆದ್ರೆ ನೀರು ಟ್ರ್ಯಾಪೊಳಗೆ ಹೋದ ಮೇಲೆ ಅಲ್ಲಿಂದ ಸೋರ್ತಿದ್ರೆ ನೆಲಕ್ಕೆ ಏನು ಬಳಿದ್ರೂ ಏನ್ ಪ್ರಯೋಜನ? ಟ್ರ್ಯಾಪಿನ ಒಳಗೆ ಎಂ-ಸೀಲ್ ಮೆತ್ತೋದೂ ಅಷ್ಟೇ, ಎಂ-ಸೀಲ್ ಒಳ್ಳೇ ವಸ್ತು, ಆದ್ರೆ ಅದು ಹಿಡಿಯೋಕೆ ಒಣಗಿದ ಗಟ್ಟಿ ಮೈ ಬೇಕು, ಜಿಡ್ಡು ತುಕ್ಕು ಹಿಡಿದಿರೋ ಕಡೆ ಸ್ವಲ್ಪ ದಿನ ನಿಂತು ಹೊಪ್ಪಳೆ ಥರ ಎದ್ದು ಬರತ್ತೆ. ಕಬ್ಬಿಣದ್ದು ಗಟ್ಟಿ, ಪಿವಿಸಿ ಏನಿದ್ರೂ ಟೆಂಪರರಿ ಅಂತ ಹಿರಿಯರು ಹೇಳ್ತಾರೆ, ಅದು ಬಿಸಿಲಲ್ಲಿ ಬಿಟ್ಟ ತೆಳು ಪೈಪ್ ನೋಡಿ ಬಂದ ಅಭಿಪ್ರಾಯ. ನೆಲದೊಳಗೆ ಬಿಸಿಲು ಬೀಳಲ್ಲ, ಪಿವಿಸಿಗೆ ತುಕ್ಕು ಹಿಡಿಯಲ್ಲ, ಸ್ನಾನದ ಬಿಸಿನೀರು ಅದಕ್ಕೆ ಏನೂ ಮಾಡಲ್ಲ. ಹಂಡೆಯಿಂದ ಕುದಿಯೋ ನೀರನ್ನ ಹಾಗೇ ಸುರಿಯೋ ಅಭ್ಯಾಸ ಇದ್ರೆ ಮಾತ್ರ ಸ್ವಲ್ಪ ತಣ್ಣೀರು ಬೆರೆಸಿ ಬಿಡಿ.

ಗುಳುಗುಳು ಶಬ್ದ ಬೇರೆ ಸಮಸ್ಯೆ, ಇದನ್ನ ಮೂರೂ ಜನ ಹೇಳಿಲ್ಲ ಅನ್ಸತ್ತೆ. ಟ್ರ್ಯಾಪ್ ಅಂದ್ರೆ ಬಾಗಿದ ಜಾಗದಲ್ಲಿ ಸದಾ ನಿಂತಿರೋ ನೀರು, ಆ ನೀರೇ ಗ್ಯಾಸು ಮತ್ತೆ ಜಿರಳೆ ಬರದ ಹಾಗೆ ತಡೆಯೋದು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಆ ನೀರಿನ ಸೀಲ್ ಕನಿಷ್ಠ 50 ಮಿಮೀ ಇರಬೇಕು. ಹಳೇ ನಾನಿ ಟ್ರ್ಯಾಪುಗಳಲ್ಲಿ ಎಷ್ಟೋ ಸಲ ಅಷ್ಟು ಆಳ ಇರೋದೇ ಇಲ್ಲ. ಪಕ್ಕದಲ್ಲಿ ಫ್ಲಶ್ ಮಾಡಿದಾಗ ಪೈಪಲ್ಲಿ ನೀರು ರಭಸವಾಗಿ ಇಳಿಯತ್ತೆ, ಹಿಂದೆ ಗಾಳಿ ಬೇಕು, ಟೆರೇಸಿನವರೆಗೆ ಗಾಳಿಗೆ ಅಂತಲೇ ಬಿಟ್ಟಿರೋ ವೆಂಟ್ ಪೈಪಿಂದ ಗಾಳಿ ಸಿಗದಿದ್ರೆ ನಿಮ್ಮ ಟ್ರ್ಯಾಪಿನ ನೀರನ್ನೇ ಎಳ್ಕೊಂಡು ಗಾಳಿ ತಗೊಳತ್ತೆ, ಆಗ ಗುಳುಗುಳು, ಆಮೇಲೆ ಸೀಲ್ ಖಾಲಿ, ಆಮೇಲೆ ವಾಸನೆ. ಹಾಗಾಗಿ ಟೆರೇಸಿಗೆ ಹೋಗಿ ವೆಂಟ್ ಪೈಪ್ ನೋಡಿ. ಸೋಲಾರ್ ಹಾಕ್ಸೋವಾಗ, ವಾಟರ್‌ಪ್ರೂಫಿಂಗ್ ಮಾಡ್ಸೋವಾಗ ಅಡ್ಡ ಆಯ್ತು ಅಂತ ಅದನ್ನ ಕತ್ತರಿಸಿ ಸಿಮೆಂಟ್ ಮುಚ್ಚಿಬಿಡೋದನ್ನ ತುಂಬಾ ಕಡೆ ನೋಡ್ತೀನಿ, ಇಲ್ಲಾಂದ್ರೆ ಹಕ್ಕಿ ಗೂಡು. ಅದು ಮುಚ್ಚಿದ್ರೆ ಹೊಸ ಟ್ರ್ಯಾಪ್ ಹಾಕಿದ್ರೂ ವಾಸನೆ ನಿಲ್ಲಲ್ಲ, ಆಗ ಪಾಪ ಪ್ಲಂಬರ್‌ನ ಬೈಕೊಂಡು ಕೂರ್ತೀರಿ.

ಸುತ್ತಿಗೆ ಎತ್ತೋ ಮುಂಚೆ ಸೋರಿಕೆ ಎಲ್ಲಿಂದ ಅಂತ ಖಚಿತ ಮಾಡ್ಕೊಳ್ಳಿ, ಇದಕ್ಕೆ ಮಷಿನ್ ಏನೂ ಬೇಡ, ತಾಳ್ಮೆ ಬೇಕು. ಅದೇ ಕಾಲದ ಮನೆ ಅಂದ್ರೆ ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣ) ನಲ್ಲಿ ಪೈಪಿಗೂ ಅಷ್ಟೇ ವಯಸ್ಸಾಗಿದೆ, ಸೋರ್ತಿರೋದು ಅದೇ ಇರಬಹುದು. ಮೊದಲು ಸೀಲಿಂಗಿನ ಒದ್ದೆ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೀರಿ. ಆಮೇಲೆ ನಾಲ್ಕೈದು ದಿನ ಆ ಬಚ್ಚಲು ಬಳಸ್ಬೇಡಿ, ಅಮ್ಮ ಕೆಳಗಿನ ಬಚ್ಚಲು ಬಳಸ್ಲಿ. ಬಳಸದಿದ್ರೂ ಒದ್ದೆ ಗೆರೆ ದಾಟಿ ಬೆಳೀತಾ ಹೋದ್ರೆ ನಲ್ಲಿ ಲೈನ್ ಮೇಲೆ ಅನುಮಾನ ಪಡಿ. ರಾತ್ರಿ ಟ್ಯಾಂಕಿಗೆ ನೀರು ಬರೋದನ್ನೂ ನಿಲ್ಲಿಸಿ, ಎಲ್ಲಾ ನಲ್ಲಿ ಮುಚ್ಚಿ, ಟ್ಯಾಂಕಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ಇಳಿದಿದ್ರೆ ಬಹುತೇಕ ಗೊತ್ತಾಗೋಯ್ತು. ಬಳಸದೇ ಇದ್ದಾಗ ಒದ್ದೆ ಕಮ್ಮಿ ಆಯ್ತು ಅಂದ್ರೆ ಡ್ರೈನು ಅಥವಾ ನೆಲ. ಅವೆರಡರಲ್ಲಿ ಯಾವುದು ಅಂತ ನೋಡೋಕೆ, ನೆಲ ಪೂರ್ತಿ ಒಣಗಿರೋವಾಗ ಒಂದು ಪೈಪ್ ತುಂಡನ್ನ ಟ್ರ್ಯಾಪಿನ ಬಾಯಿಗೆ ಇಳಿಸಿ ನೆಲ ಒಂದು ಹನಿಯೂ ಒದ್ದೆ ಆಗದ ಹಾಗೆ ಅದರೊಳಗೇ ನಾಲ್ಕು ಬಕೆಟ್ ನೀರು ಬಿಡಿ, ಬೇಕಿದ್ರೆ ಅಡುಗೆ ಬಣ್ಣ ಬೆರೆಸಿ. ಕೆಳಗೆ ಒದ್ದೆ ಹೆಚ್ಚಾದ್ರೆ ಟ್ರ್ಯಾಪ್ ಅಥವಾ ಅದರ ಮುಂದಿನ ಪೈಪ್. ಏನೂ ಆಗದಿದ್ರೆ ಎರಡು ದಿನ ಬಿಟ್ಟು ಟ್ರ್ಯಾಪ್ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿದ ಬಟ್ಟೆ ಉಂಡೆ ಬಿಗಿಯಾಗಿ ತುರುಕಿ ನೆಲದಲ್ಲಿ ಒಂದಿಂಚು ನೀರು ಒಂದು ದಿನ ಪೂರ್ತಿ ನಿಲ್ಲಿಸಿ, ಆಗ ಒದ್ದೆ ಬಂದ್ರೆ ನೆಲದ್ದೇ ತಪ್ಪು. ಅವಸರ ಬೇಡ, ಇಟ್ಟಿಗೆ ಚೂರೆಲ್ಲ ನೀರು ಕುಡಿದು ಆಮೇಲೆ ಕೆಳಗೆ ಬಿಡೋದ್ರಿಂದ ಫಲಿತಾಂಶ ಮಾರನೇ ದಿನ ಕಾಣಬಹುದು.

ನಿಮ್ಮ ವಿವರಣೆ ನೋಡಿದ್ರೆ ಟ್ರ್ಯಾಪಿನದ್ದೇ ಅಂತ ನನಗೆ ಬಲವಾಗಿ ಅನ್ಸತ್ತೆ. ಹಾಗಿದ್ರೆ ನಿಮ್ಮ ಮುಂದೆ ಮೂರು ದಾರಿ.

ಒಂದು, ಟ್ರ್ಯಾಪ್ ಸುತ್ತ ಎರಡಡಿ ಚೌಕ ಮಾತ್ರ ಒಡೆದು ಬದಲಾಯಿಸೋದು. ನಾನು ನಿಮಗೆ ಹೇಳೋದು ಇದನ್ನೇ, ಆದ್ರೆ ಮಾಡೋ ರೀತಿ ಮುಖ್ಯ. ಮೊದಲು ಗ್ರೈಂಡರ್‌ನಲ್ಲಿ ಮೊಸಾಯಿಕ್ ಸಂದಿನ ಮೇಲೇ ಗೆರೆ ಕೊಯ್ಯಬೇಕು, ಬಿಲ್ಲೆಗಳು ಇಡಿಯಾಗಿ ಬಂದ್ರೆ ಎತ್ತಿಟ್ಕೊಳ್ಳಿ. ಒಳಗೆ ಬ್ರೇಕರ್ ಮಷಿನ್ ಬೇಡವೇ ಬೇಡ, ಉಳಿ ಸುತ್ತಿಗೆಯಲ್ಲೇ ಬಿಡಿಸಬೇಕು, ಯಾಕಂದ್ರೆ ಆ ಅದುರಿಗೆ ಮುಂದಿನ ಜಾಯಿಂಟುಗಳು ಬಿಡ್ತವೆ, ಹಾಗಾದ್ರೆ ಇಲ್ಲಿ ಸರಿಮಾಡಿ ಅಲ್ಲಿ ಹೊಸ ಸೋರಿಕೆ. ಟ್ರ್ಯಾಪ್ ಹೊರಬಂದ ಮೇಲೆ ಅಡ್ಡ ಪೈಪಿನ ಮೈನ ಸ್ಕ್ರೂಡ್ರೈವರ್ ಹಾಕಿ ಕೆರೆದು ನೋಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ್ರೆ ಗಂಟೆ ಥರ ಠಣ್ ಅನ್ನಬೇಕು. ಬೊದ್ದು ಶಬ್ದ ಬಂದ್ರೆ ಗಟ್ಟಿ ಪೈಪ್ ಸಿಗೋವರೆಗೂ ಅಗೀತಾ ಹೋಗಿ, ಬೇಕಾದ್ರೆ ಹೊರಗೋಡೆ ಪೈಪಿನವರೆಗೂ. ಇಲ್ಲಿ ಕಂಜೂಸ್ತನ ಮಾಡಿದವರೇ ಮತ್ತೆ ಒಡೆಸೋದು. ಅರ್ಧ ದಿನದ ಕೆಲಸ ಅಲ್ಲ ಅಂದಿದ್ದು ಇದಕ್ಕೇ. ಒಂದು ಎಚ್ಚರಿಕೆ: ಅಗೆದಾಗ ಕಬ್ಬಿಣದ ಬದಲು ಬೂದು ಬಣ್ಣದ, ನಾರುನಾರಾಗಿ ಕಾಣೋ ಸಿಮೆಂಟ್ ಪೈಪ್ ಸಿಕ್ಕಿದ್ರೆ ಅದು ಎಸಿ ಪೈಪ್, ಅಂದ್ರೆ ಆಸ್ಬೆಸ್ಟಾಸ್. ಅದನ್ನ ಗ್ರೈಂಡರ್‌ನಲ್ಲಿ ಕೊಯ್ಯೋಕೆ ಬಿಡಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ವರ್ಷಗಳಾದ ಮೇಲೆ ಕ್ಯಾನ್ಸರ್ ತರೋ ವಸ್ತು. ನೀರು ಹಾಕಿ ನೆನೆಸಿ, ತುಂಡು ಮಾಡದೆ ಜಾಯಿಂಟಿನಲ್ಲೇ ಬಿಡಿಸಬೇಕು, ಕೆಲಸದವರಿಗೆ ಒಳ್ಳೇ ಮಾಸ್ಕ್ ನೀವೇ ತಂದುಕೊಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕಬ್ಬಿಣಕ್ಕೆ ಪಿವಿಸಿ ನಿಲ್ಲತ್ತಾ. ನಿಲ್ಲತ್ತೆ, ಜಾಯಿಂಟ್ ಸರಿಯಾಗಿ ಮಾಡಿದ್ರೆ. ಪಿವಿಸಿ ಮೈ ನುಣುಪು, ಸಿಮೆಂಟ್ ಅದನ್ನ ಹಿಡಿಯೋದೇ ಇಲ್ಲ, ಕಬ್ಬಿಣದ ಸಾಕೆಟ್ಟಿಗೆ (ಪೈಪಿನ ಅಗಲ ಬಾಯಿಗೆ) ಪಿವಿಸಿ ಪೈಪ್ ತೂರಿಸಿ ಸುತ್ತ ಸಿಮೆಂಟ್ ಮೆತ್ತಿದ್ರೆ ಬಿಸಿನೀರಿಗೆ ಪೈಪ್ ಹಿಗ್ಗಿ ಕುಗ್ಗಿ ಸ್ವಲ್ಪ ದಿನಕ್ಕೆ ಸುತ್ತ ಉಂಗುರದ ಥರ ಬಿರುಕು ಬಿಡತ್ತೆ. ಸೀಸ ಹೊಯ್ಯೋಕಂತೂ ಆಗಲ್ಲ, ಸೀಸ ಕರಗೋದು 327 ಡಿಗ್ರಿಗೆ, ಪಿವಿಸಿ ಅದರ ಮುಂದೆ ಬೆಣ್ಣೆ. ಕಬ್ಬಿಣದ ಪೈಪ್ ತುದಿ ಗಟ್ಟಿಯಾಗಿ ನೆಟ್ಟಗೆ ಕೊಯ್ಯೋಕೆ ಸಿಕ್ಕಿದ್ರೆ ಎರಡೂ ಪೈಪಿನ ಮೇಲೆ ಹೊರಗಿಂದ ಕೂರೋ ರಬ್ಬರ್ ಕಪ್ಲಿಂಗ್, ಸ್ಟೇನ್‌ಲೆಸ್ ಸ್ಟೀಲ್ ಕ್ಲ್ಯಾಂಪ್ ಇರೋದು, ಅದು ಎಲ್ಲಕ್ಕಿಂತ ಒಳ್ಳೇದು. ಬೀಡು ಪೈಪಿನ ಹೊರ ಅಳತೆ ಮತ್ತೆ ಪಿವಿಸಿ ಹೊರ ಅಳತೆ ಒಂದೇ ಇರಲ್ಲ, ಪಿವಿಸಿಯಲ್ಲಿ ನಾಲ್ಕಿಂಚು ಅನ್ನೋದು 110 ಮಿಮೀ, ಮೂರಿಂಚು ಅನ್ನೋದು 75 ಮಿಮೀ, ಹಾಗಾಗಿ ಹಳೇ ತುಂಡನ್ನೇ ಅಂಗಡಿಗೆ ತಗೊಂಡು ಹೋಗಿ ಅಳೆದು ತನ್ನಿ. ಸಾಕೆಟ್ಟೊಳಗೇ ಕೂರಿಸ್ಬೇಕಾದ ಪರಿಸ್ಥಿತಿ ಬಂದ್ರೆ ಹಳೇ ಮೇಸ್ತ್ರಿಗಳ ಒಂದು ಉಪಾಯ ಇದೆ, ಪಿವಿಸಿ ತುದಿಯನ್ನ ಉಜ್ಜುಕಾಗದದಲ್ಲಿ ಒರಟು ಮಾಡಿ, ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಅಂಟಿಸೋ ಗೋಂದು) ದಪ್ಪಗೆ ಬಳಿದು, ಅದು ಒದ್ದೆ ಇರೋವಾಗ್ಲೇ ಜರಡಿ ಹಿಡಿದ ಒಣ ಮರಳು ಉದುರಿಸಿ ಒಣಗಿಸೋದು. ಮರಳು ಪೈಪಿಗೆ ಕಚ್ಕೊಂಡಿರತ್ತೆ, ಆ ಮರಳನ್ನ ಗಾರೆ ಹಿಡ್ಕೊಳತ್ತೆ. ಆಮೇಲೆ ಸೆಣಬು ತುರುಕಿ, ಕುಗ್ಗದ ಗ್ರೌಟ್ ತುಂಬಬೇಕು, ಮಾಮೂಲಿ ಸಿಮೆಂಟ್ ಗಂಜಿ ಅಲ್ಲ.

ಟ್ರ್ಯಾಪ್ ತಗೊಳೋವಾಗ ಆಳವಾದ ಸೀಲ್ ಇರೋ ಎಸ್‌ಡಬ್ಲ್ಯುಆರ್ (ಮಲ, ಬಳಸಿದ ನೀರು, ಮಳೆನೀರಿಗೆ ಅಂತ ಮಾಡಿದ ಪಿವಿಸಿ) ಟ್ರ್ಯಾಪ್ ಕೇಳಿ, ಪೈಪ್ ಮೇಲೆ ಐಎಸ್ 13592 ಮಾರ್ಕ್ ಇದ್ದು ಟೈಪ್ ಬಿ ಅಂತ ಇರ್ಬೇಕು, ಟೈಪ್ ಎ ಮಳೆನೀರಿಗೆ ಮತ್ತೆ ವೆಂಟಿಗೆ ಇರೋದು, ತೆಳು. ಫಿಟ್ಟಿಂಗಿಗೆ ಐಎಸ್ 14735. ಅಡ್ಡ ಪೈಪಿಗೆ ಇಳಿಜಾರು ನಾಲ್ಕಿಂಚಿನದಾದ್ರೆ 40ಕ್ಕೆ 1, ಅಂದ್ರೆ ನಾಲ್ಕಡಿ ಉದ್ದಕ್ಕೆ ಒಂದೂಕಾಲು ಇಂಚಿನ ಹತ್ರ, ಮಟ್ಟಗೋಲು ಇಟ್ಟು ಕಣ್ಣಾರೆ ನೋಡಿ. ಟ್ರ್ಯಾಪಿನ ಕುತ್ತಿಗೆ ಸುತ್ತ ವಾಟರ್‌ಪ್ರೂಫಿಂಗ್ ಕೋಟಿಂಗ್ ಎರಡು ಸಲ, ಕತ್ತರಿಸಿದ ಗುಂಡಿಯ ಪಕ್ಕದ ಗೋಡೆಗಳಿಗೂ ಸೇರಿಸಿ ಬಳೀಬೇಕು, ಹೊಸ ಗಾರೆ ಹಳೇ ಗಾರೆ ಸೇರೋ ಆ ಗೆರೆಯೇ ಈ ದಾರಿಯ ದುರ್ಬಲ ಜಾಗ. ಇನ್ನು ಮೊಸಾಯಿಕ್, ಅದೇ ಬಣ್ಣ ಹೊಂದಿಸೋಕೆ ಹೋಗಿ ತೇಪೆ ಥರ ಕಾಣೋದಕ್ಕಿಂತ ಆ ಎರಡಡಿ ಚೌಕಕ್ಕೆ ಒರಟು ಮೈನ ಕಡಪಾ ಕಲ್ಲೋ ಗ್ರಾನೈಟೋ ನೀಟಾಗಿ ಕೂರಿಸಿ, ಬೇಕಂತಲೇ ಮಾಡಿಸಿದ ಹಾಗೆ ಚೆನ್ನಾಗಿರತ್ತೆ, ಅಮ್ಮನಿಗೆ ಕಾಲೂ ಜಾರಲ್ಲ.

ಎರಡನೇ ದಾರಿ, ಕೆಳಗಿಂದ ಮಾಡೋದು. ಹಳೇ ಲೈನ್ ನೆಲದೊಳಗೇ ಬಿಟ್ಟು, ಸ್ಲ್ಯಾಬಿಗೆ ತೂತು ಕೊರೆದು ಊಟದ ಮನೆ ಸೀಲಿಂಗ್ ಕೆಳಗೆ ಪೈಪ್ ನೇತುಹಾಕೋದು. ಕೆಳಗಿನ ಮನೆಯೂ ನಿಮ್ಮದೇ ಆಗಿರೋದ್ರಿಂದ ಆಗತ್ತೆ, ಮುಂದೆ ರಿಪೇರಿಗೂ ಸುಲಭ. ಆದ್ರೆ ನಿಮ್ಮದು ಈಗಾಗ್ಲೇ ನೀರು ಕುಡಿದಿರೋ ಸ್ಲ್ಯಾಬು, ಒಳಗೆ ಕಂಬಿ ತುಕ್ಕು ಹಿಡಿದಿರಬಹುದು, ಅಲ್ಲಿ ಇನ್ನೊಂದು ತೂತು ಅಂದ್ರೆ ದುಂಡಗೆ ಕೊರೆಯೋ ಕೋರ್ ಕಟಿಂಗ್ ಮಷಿನಲ್ಲೇ, ಸ್ಟ್ರಕ್ಚರಲ್ ಎಂಜಿನಿಯರ್ ಕಂಬಿ ಎಲ್ಲಿದೆ ನೋಡಿ ಗುರುತು ಹಾಕಿದ ಮೇಲೇ. ಜೊತೆಗೆ ಊಟದ ತಟ್ಟೆ ಮೇಲೆ ಬಚ್ಚಲ ಪೈಪ್ ಹಾದು ಹೋಗೋದು ಎಷ್ಟೋ ಮನೆಯವರಿಗೆ ಮನಸ್ಸಿಗೆ ಒಗ್ಗಲ್ಲ, ಅದನ್ನೂ ಯೋಚಿಸಿ.

ಮೂರನೇದು ಪೂರ್ತಿ ಒಡೆಯೋದು. ಮೂರನೇ ಪ್ಲಂಬರ್ ದುಡ್ಡಿಗೋಸ್ಕರ ಹೇಳಿದ ಅಂತ ಅಂದ್ಕೋಬೇಡಿ, ನೆಲದ ಪರೀಕ್ಷೆಯಲ್ಲೂ ಸೋರಿದ್ರೆ, ಜಿಐ ಪೈಪೂ ಹೋಗಿದ್ರೆ, ಅಥವಾ ಅಗೆದಾಗ ಇಟ್ಟಿಗೆ ಚೂರೆಲ್ಲ ಕೆಸರಾಗಿ ಕಪ್ಪು ನೀರು ನಿಂತಿದ್ರೆ ಅವನ ಮಾತೇ ಸರಿ. ಆಗ ಬಿಡಿಬಿಡಿಯಾಗಿ ಮಾಡ್ಸಿದ್ರೆ ಒಟ್ಟು ಖರ್ಚು ಜಾಸ್ತಿ. ಆದ್ರೆ ಅದನ್ನ ಗುಂಡಿ ತೆಗೆದು ನೋಡಿದ ಮೇಲೆ ತೀರ್ಮಾನ ಮಾಡಿ, ಈಗಲೇ ಒಪ್ಕೋಬೇಡಿ. ಯಾವ ದಾರಿ ಹಿಡಿದ್ರೂ ಎರಡು ಮಹಡಿಯಲ್ಲೂ ಒಂದೇ ಸಲ ಕೆಲಸ ಶುರು ಮಾಡಿಸ್ಬೇಡಿ, ಅಮ್ಮನಿಗೆ ಒಂದು ಬಚ್ಚಲು ಬೇಕೇ ಬೇಕಲ್ಲ.

ಮಳೆಗಾಲ ಮುಗಿಯೋವರೆಗೂ ಕಾಯಬೇಡಿ. ಇದು ಮಳೆ ನೀರಲ್ಲ, ದಿನಾ ನೀವೇ ಬಿಡ್ತಿರೋ ನೀರು, ಕೆಲಸ ಮನೆಯೊಳಗೇ ನಡೆಯೋದು, ಕಾದಷ್ಟೂ ಸ್ಲ್ಯಾಬಿನ ಕಂಬಿಗೆ ತುಕ್ಕು, ಟ್ರ್ಯಾಪ್ ಬದಲಾಯಿಸೋದು ಸಣ್ಣ ಖರ್ಚು, ಸ್ಲ್ಯಾಬ್ ರಿಪೇರಿ ದೊಡ್ಡ ಖರ್ಚು. ರಿಪೇರಿ ಆದ ಮಾರನೇ ದಿನವೇ ಸೀಲಿಂಗ್ ಒಣಗತ್ತೆ ಅಂತ ನಿರೀಕ್ಷೆ ಮಾಡಬೇಡಿ, ಒಳಗೆ ಕುಡಿದಿರೋ ನೀರು ಆರೋಕೆ ವಾರಗಳು ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಪೆನ್ಸಿಲ್ ಗೆರೆಯ ಒಳಗೆ ಒದ್ದೆ ಕುಗ್ತಾ ಬಂದ್ರೆ ಸರಿ ಹೋಗ್ತಿದೆ ಅಂತಲೇ ಲೆಕ್ಕ, ಪೂರ್ತಿ ಒಣಗೋವರೆಗೂ ಪುಟ್ಟಿ ಪೇಂಟ್ ಮುಟ್ಟಬೇಡಿ.

ಪ್ಲಂಬರ್ ಹತ್ರ ಮೊದಲೇ ಒಂದು ಮಾತು ಆಡ್ಕೊಳ್ಳಿ. ಗುಂಡಿ ಮುಚ್ಚೋ ಮುಂಚೆ ಹೊಸ ಜಾಯಿಂಟ್ ಬಯಲಲ್ಲಿ ಇರೋವಾಗ್ಲೇ ಪೈಪಿನ ಆಚೆ ತುದಿಗೆ ಬಿರಡೆ ಹೊಡೆದು ಟ್ರ್ಯಾಪ್ ಬಾಯಿವರೆಗೂ ನೀರು ತುಂಬಿ ರಾತ್ರಿಯಿಡೀ ಬಿಡಬೇಕು, ಬೆಳಿಗ್ಗೆ ಒಣ ಟಿಶ್ಯೂ ಪೇಪರ್ ತಗೊಂಡು ಪ್ರತಿ ಜಾಯಿಂಟ್ ಸುತ್ತ ಒರೆಸಿ ನೋಡಬೇಕು, ಪೇಪರ್ ಒದ್ದೆ ಆದ್ರೆ ಬಿಚ್ಚಿ ಮತ್ತೆ ಮಾಡ್ಬೇಕು. ನೆಲ ಮುಗಿದು ಗಟ್ಟಿಯಾದ ಮೇಲೆ ಇನ್ನೊಂದ್ಸಲ 48 ಗಂಟೆ ನೀರು ನಿಲ್ಲಿಸಿ ಕೆಳಗೆ ನೋಡೋದು. ಕೊನೇ ಕಂತಿನ ದುಡ್ಡು ಅದಾದ ಮೇಲೆ ಅಂತ ಕೆಲಸ ಶುರು ಮಾಡೋ ದಿನವೇ ಹೇಳಿಬಿಡಿ, ಕೆಲಸ ಗೊತ್ತಿರೋ ಪ್ಲಂಬರ್ ಇದಕ್ಕೆ ಬೇಜಾರು ಮಾಡ್ಕೊಳಲ್ಲ.